ಮಳಲ ಮೇಲಣ ಅಣೆಕಟ್ಟುಗಳು

ಕಟ್ಟಡವು ನೆಲವನ್ನು ನೆಮ್ಮಿ ನಿಲ್ಲುವುದೆಂಬುದು ಬಾಲಕರೂ ಬಲ್ಲ ಮಾತು. ಆ ನೆಲದೊಳಗೆ ನೀರು ನಡೆಯುತ್ತಿರುವುದೆಂಬುದೂ, ಆ ನಡೆಯನ್ನರಿಯದೆ ಹಾಕಿದ ಅಸ್ತಿಭಾರವು ಎಷ್ಟೇ ಗಟ್ಟಿಯಾಗಿದ್ದರೂ ಬಾಳಲಾರದೆಂಬುದೂ ಅಷ್ಟು ಸುಲಭವಾಗಿ ತಿಳಿದ ಮಾತಲ್ಲ. ಮಾನವರು ಇದನ್ನು ಕಲಿತುದು ಬಹುಕಾಲದ ಅನುಭವದಿಂದ. ಅದರಲ್ಲಿಯೂ ವಿಶೇಷವಾಗಿ, ಮಳಲ ಮೇಲೆ ಕಟ್ಟಿದ ಅಣೆಕಟ್ಟುಗಳು ಕೆಟ್ಟುಹೋದ ಸಂದರ್ಭಗಳಿಂದ. ಈ ತಿಳಿವಳಿಕೆಯ ಚರಿತ್ರೆಯಲ್ಲಿ ಭರತಖಂಡದ ನದಿಗಳಿಗೂ ಇಲ್ಲಿ ದುಡಿದ ಇಂಜನಿಯರುಗಳಿಗೂ ಹಿರಿದಾದ ಪಾಲುಂಟು. ಆ ಚರಿತ್ರೆಯನ್ನು ಮೊದಲಿನಿಂದ ಕ್ರಮವಾಗಿ ನೋಡುವವರಿಗೆ ಒಂದು ತತ್ತ್ವವು ಮೆಲ್ಲಮೆಲ್ಲನೆ ಗೋಚರವಾಗುತ್ತದೆ. ನೆಲದೊಳಗಣ ನೀರನ್ನು ನಿಲ್ಲಿಸಿಬಿಡಬೇಕೆಂಬುದು ಮೊದಲಿನವರ ಪ್ರಯತ್ನ. ನೀರು ಹೋಗಲಿ, ಆದರೆ ಅದರೊಡನೆ ಮಣ್ಣು ಹೋಗಕೂಡದು ಎಂಬುದು ಕೊನೆಗೆ ದೊರೆತ ತತ್ತ್ವ. ಈ ಎರಡರ ನಡುವೆ ಸುಮಾರು ನೂರು ವರ್ಷಗಳ ಶ್ರಮವೂ ಅನೇಕ ಕಟ್ಟಡಗಳ ನಾಶವೂ ಅಡಗಿವೆ.

ನೆಲವನ್ನು ನೀರಿನಿಂದ ಪರೀಕ್ಷಿಸುವ ಕ್ರಮವು ನಮ್ಮ ಪೂರ್ವಿಕರಿಗೆ ತಿಳಿಯದುದೇನೂ ಅಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಮನೆ ಕಟ್ಟತಕ್ಕ ನೆಲಕ್ಕೆ ಎರಡು ಪರೀಕ್ಷೆಗಳನ್ನು ಹೇಳಿರುವನು. ನಿವೇಶನದ ನಡುವೆ ಒಂದು ಮೊಳದ ಗುಣಿಯನ್ನು ತೋಡಿ, ತೆಗೆದ ಮಣ್ಣನ್ನೇ ಅದರಲ್ಲಿ ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಾದರೆ ಅನಿಷ್ಟ. ಇದು ಮೊದಲನೆಯದು. ಗುಣಿಯಲ್ಲಿ ನೀರನ್ನು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ನೋಡಿದಾಗ ನೀರು ಕಡಮೆಯಾಗದೆ ಇದ್ದರೆ ಆ ನೆಲವು ಪ್ರಶಸ್ತವೆಂಬುದು ಎರಡನೆಯದು. ಮೊದಲನೆಯದರಿಂದ ಮಣ್ಣು ಎಷ್ಟು ಬಿಗಿಯಾಗಿ ಕೂಡಿದೆಯೆಂಬುದು ತಿಳಿಯುತ್ತದೆ. ಎರಡನೆಯದರಿಂದ ನೀರು ಅದರೊಳಗೆ ಎಷ್ಟು ಬೇಗ ಇಂಗುವುದೆಂಬುದು ತಿಳಿಯುತ್ತದೆ. ಈಗಿನ ಇಂಜನಿಯರುಗಳೂ ಗುಣಿಯಲ್ಲಿ ನೀರನ್ನು ತುಂಬಿ, ಅದು ಇಳಿಯುವ ವೇಗವನ್ನು ಗಡಿಯಾರದಿಂದ ಅಳೆಯುತ್ತಾರೆ. ನೂರು ಹೆಜ್ಜೆಗಳ ಕಾಲವೇ ವರಾಹಮಿಹಿರನ ಗಡಿಯಾರವಾಗಿದ್ದಿತು.

ಅದೇ ಗ್ರಂಥದ ದಕಾರ್ಗಲವೆಂಬ ಅಧ್ಯಾಯದಲ್ಲಿ ಅಂತರ್ಜಲದ ವಿಚಾರವಿದೆ. ಮನುಷ್ಯರ ಶರೀರದಲ್ಲಿ ನಾಳಗಳಿರುವಂತೆ ಭೂಮಿಯಲ್ಲಿಯೂ ಮೇಲುಕೆಳಗಾಗಿ ಜಲದ ಶಿರೆಗಳಿವೆಯೆಂಬುದು ಅಲ್ಲಿನ ಅಭಿಪ್ರಾಯ. ಕನ್ನಡನಾಡಿನ ಹೆಚ್ಚು ಭಾಗದಂತೆ ಕಗ್ಗಲ್ಲಿನ ನೆಲದಲ್ಲಿ ಇದು ಬಹುಮಟ್ಟಿಗೆ ಒಪ್ಪುವ ಮಾತೇ ಸರಿ. ಅಲ್ಲಿ ನೀರು ಬಂಡೆಯ ಬಿರುಕುಗಳನ್ನು ಹಿಡಿದು ಹರಿಯುವುದರಿಂದ, ಒಂದು ಬಾವಿಯಲ್ಲಿ ನೀರಿದ್ದು ಹತ್ತು ಮಾರು ದೂರದ ಮತ್ತೊಂದು ಬಾವಿಯು ಬರಿದಾಗಿರಬಹುದು. ಮಳಲಿನಲ್ಲಿ ಹೀಗಲ್ಲ. ಅಲ್ಲಿ ಕಣಕಣದ ನಡುವಣ ಸಂದುಗಳೆಲ್ಲವೂ ನೀರಿಗೆ ದಾರಿಯೇ. ನೀರು ಒಂದು ನಾಳದಲ್ಲಿ ಹರಿಯದೆ ಇಡಿಯ ರಾಶಿಯೊಳಗೆ ಹರಡಿ ನಡೆಯುತ್ತದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ಚರಿತ್ರೆಯು ಸುಲಭವಾಗಿ ತಿಳಿಯುವುದು.

ಕನ್ನಡನಾಡಿನಲ್ಲಿ ಕಾವೇರಿ, ತುಂಗಭದ್ರೆಗಳು ಬಹು ಕಡೆ ಬಂಡೆಗಳ ಮೇಲೆ ಹರಿಯುತ್ತವೆ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿಸಿದ ಕಲ್ಲಿನ ಕಟ್ಟೆಗಳೂ, ಮೈಸೂರು ಸೀಮೆಯಲ್ಲಿ ಕಾವೇರಿಯ ಹಳೆಯ ಅಣೆಕಟ್ಟುಗಳೂ ಹೆಚ್ಚಾಗಿ ಇಂತಹ ಬಂಡೆಗಳನ್ನೇ ಆಧಾರವಾಗಿ ಹಿಡಿದಿವೆ. ಇಲ್ಲಿನ ಶಿಲ್ಪಿಗೆ ಅಸ್ತಿಭಾರದ ಚಿಂತೆ ಅಷ್ಟಾಗಿ ಇರಲಿಲ್ಲ. ಆದರೆ ಅದೇ ಕಾವೇರಿಯು ಘಟ್ಟವನ್ನಿಳಿದು ತಿರುಚಿರಾಪಳ್ಳಿಯ ಬಯಲನ್ನು ಸೇರಿದಾಗ ಅದರ ಪಾತ್ರವೆಲ್ಲವೂ ಆಳವಾದ ಮಳಲು. ಅಲ್ಲಿ ಎಷ್ಟು ಅಗೆದರೂ ಬಂಡೆಯು ಕಾಣದು. ಅಂತಹ ಮಳಲ ಮೇಲೆಯೇ ಕಲ್ಲಣೈ ಎಂಬ ಪುರಾತನ ಅಣೆಕಟ್ಟು ನಿಂತಿದೆ. ಕರಿಕಾಲಚೋಳನು ಅದನ್ನು ಕಟ್ಟಿಸಿದನೆಂದು ಪ್ರತೀತಿ. ಸುಮಾರು 1,080 ಅಡಿ ಉದ್ದವೂ 15ರಿಂದ 18 ಅಡಿ ಎತ್ತರವೂ ಉಳ್ಳ ಆ ಕಟ್ಟೆಯ ಒಡಲು ಒರಟು ಕಲ್ಲುಗಳನ್ನು ಜೇಡಿಮಣ್ಣಿನಲ್ಲಿ ಕೂರಿಸಿದ ರಾಶಿ. ಮಳಲಿನಲ್ಲಿ ಹಾಕಿದ ಕಲ್ಲು ಹುಗಿದುಹೋಗುತ್ತದೆ. ಅದರ ಮೇಲೆ ಮತ್ತೊಂದನ್ನು ಹಾಕಿದರೆ ಅದೂ ಸ್ವಲ್ಪ ಹುಗಿಯುತ್ತದೆ. ಹೀಗೆ ಹಾಕುತ್ತ ಹೋದರೆ ಒಂದು ಮಟ್ಟದಲ್ಲಿ ಕಲ್ಲುಗಳು ನೆಲೆಗೊಂಡು ನಿಲ್ಲುತ್ತವೆ. ಈ ಒಂದು ಅನುಭವದ ಮೇಲೆ ಆ ಕಟ್ಟೆಯು ಶತಮಾನಗಳ ಕಾಲ ಬಾಳಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪ್ರಾಂತಕ್ಕೆ ಬಂದ ಆರ್ಥರ್ ಕಾಟನ್ ಎಂಬ ಆಂಗ್ಲೇಯ ಇಂಜನಿಯರು ಕಲ್ಲಣೈಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಅಳತೆಗೆ ಸಿಕ್ಕದ ಆಳದ ಮಳಲಿನಲ್ಲಿ ಅಸ್ತಿಭಾರವನ್ನು ಹೇಗೆ ಭದ್ರಪಡಿಸಬೇಕೆಂಬ ವಿದ್ಯೆಯನ್ನು ತಾವು ಈ ದೇಶದ ಹಿಂದಿನವರಿಂದ ಕಲಿತುದಾಗಿ ಆತನು ಮರೆಮಾಚದೆ ಒಪ್ಪಿಕೊಂಡಿರುವನು. 1836ನೆಯ ಇಸವಿಯಲ್ಲಿ ಆತನು ಕೊಳ್ಳಿಡಂ ಶಾಖೆಗೆ ಅಡ್ಡಲಾಗಿ ಮುಕ್ಕೊಂಬಿನಲ್ಲಿ ಮೇಲಣೆಯನ್ನು ಕಟ್ಟಿಸಿದನು. ಮಳಲಿನೊಳಕ್ಕೆ ಇಟ್ಟಿಗೆಯ ಬಾವಿಗಳನ್ನು ಸಾಲಾಗಿ ಇಳಿಸಿ, ಅವುಗಳನ್ನು ತುಂಬಿ, ಅವುಗಳ ಮೇಲೆ ಗಾರೆಯ ಕೆಲಸವನ್ನು ಎಬ್ಬಿಸುವ ಪದ್ಧತಿಯು ಇಂತಹ ಕೆಲಸಗಳಿಂದ ಪ್ರಸಿದ್ಧವಾಯಿತು. 1847ರಿಂದ 1852ರ ವರೆಗೆ ಗೋದಾವರಿಗೆ ದವಳೇಶ್ವರದಲ್ಲಿ ಆತನು ಕಟ್ಟಿಸಿದ ಅಣೆಕಟ್ಟಿನ ಗೋಡೆಗಳ ಉದ್ದವೇ ಸುಮಾರು ಎರಡೂಕಾಲು ಮೈಲಿ. ಬರಗಾಲದಿಂದ ಬಳಲಿದ್ದ ಸೀಮೆಯು ಬತ್ತದ ಕಣಜವಾಯಿತು. ಆದರೆ ಮಳಲ ಮೇಲಣ ಕಟ್ಟಡಕ್ಕೆ ಇಷ್ಟೇ ಅಗಲ, ಇಷ್ಟೇ ಆಳ ಬೇಕೆಂಬುದಕ್ಕೆ ಕಾಟನ್ನನ ಬಳಿ ಲೆಕ್ಕವಿರಲಿಲ್ಲ. ಕಣ್ಣಿನ ಅಳತೆ, ಕೈಯ ಅನುಭವ, ಕೆಟ್ಟಲ್ಲಿ ಒಡನೆ ದುರಸ್ತು ಮಾಡುವ ಎಚ್ಚರ, ಇವು ಮೂರೇ ಆತನ ಶಾಸ್ತ್ರ.

ಲೆಕ್ಕಕ್ಕೆ ಬೇಕಾದ ಮೂಲಸೂತ್ರವು ಆ ಹೊತ್ತಿಗೆ ಫ್ರಾನ್ಸು ದೇಶದಲ್ಲಿ ಹುಟ್ಟುತ್ತಲಿದ್ದಿತು. ಅದನ್ನು ಕಂಡವನು ಡಿಜಾನ್ ಪಟ್ಟಣದ ಹೆನ್ರಿ ಡಾರ್ಸಿ. ಕಾಟನ್ ಹುಟ್ಟಿದುದು 1803ನೆಯ ಇಸವಿ ಮೇ 15ರಂದು. ಡಾರ್ಸಿ ಹುಟ್ಟಿದುದು ಅದೇ ವರ್ಷ ಜೂನ್ 10ರಂದು. ಒಂದು ತಿಂಗಳಿಗಿಂತ ಕಡಮೆ ಅಂತರದಲ್ಲಿ ಹುಟ್ಟಿದ ಈ ಇಬ್ಬರಲ್ಲಿ ಒಬ್ಬನು ಮಳಲ ಮೇಲೆ ನೀರನ್ನು ನಿಲ್ಲಿಸಿದನು, ಮತ್ತೊಬ್ಬನು ಮಳಲೊಳಗೆ ನೀರು ಹೋಗುವ ನಿಯಮವನ್ನು ತಿಳಿದನು. ಡಾರ್ಸಿಯು 1840ರಲ್ಲಿ ತನ್ನ ಊರಿಗೆ ರೊಸ್ವಾರ್ ಎಂಬ ಬುಗ್ಗೆಯಿಂದ ಸುಮಾರು ಎಂಟು ಮೈಲಿ ದೂರ ಶುದ್ಧವಾದ ಕುಡಿಯುವ ನೀರನ್ನು ತಂದ ಪುಣ್ಯಶಾಲಿ. ನೀರನ್ನು ಮಳಲಿನಲ್ಲಿ ಸೋಸುವ ತೊಟ್ಟಿಗಳ ಪ್ರಮಾಣವನ್ನು ತಿಳಿಯಬೇಕೆಂದು ಆತನು 1855 ಮತ್ತು 1856ರಲ್ಲಿ ಊರಿನ ಆಸ್ಪತ್ರೆಯೊಂದರಲ್ಲಿ ಎತ್ತರವಾದ ಲೋಹದ ಕೊಳವಿಗೆ ಮಳಲನ್ನು ತುಂಬಿ, ಅದರಲ್ಲಿ ನೀರನ್ನು ಹಾಯಿಸಿ ಪರೀಕ್ಷೆಗಳನ್ನು ನಡೆಸಿದನು. 1856ರಲ್ಲಿ ಪ್ರಕಟವಾದ, ಡಿಜಾನಿನ ನೀರು ಸರಬರಾಜನ್ನು ಕುರಿತ ತನ್ನ ದೊಡ್ಡ ಗ್ರಂಥದ ಅನುಬಂಧದಲ್ಲಿ ಅದರ ಫಲವನ್ನು ಬರೆದನು.

ಆ ಫಲವು ಅತ್ಯಂತ ಸರಳವಾದುದು. ಮಳಲಿನ ಒಂದು ಕೊನೆಯಲ್ಲಿ ನೀರಿನ ಮಟ್ಟವು ಮತ್ತೊಂದು ಕೊನೆಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟರ ಪ್ರಮಾಣದಲ್ಲಿ ನೀರು ಹರಿಯುತ್ತದೆ. ಎತ್ತರವು ಇಮ್ಮಡಿಸಿದರೆ ಹರಿವೂ ಇಮ್ಮಡಿ. ನೀರು ಸಾಗಬೇಕಾದ ಮಳಲಿನ ದಾರಿಯು ಇಮ್ಮಡಿಸಿದರೆ ಹರಿವು ಅರ್ಧವಾಗುತ್ತದೆ. ಎತ್ತರದ ಅಂತರವನ್ನು ದಾರಿಯ ಉದ್ದದಿಂದ ಭಾಗಿಸಿದರೆ ದೊರೆಯುವುದು ಇಳಿತ. ಈ ಇಳಿತವೇ ನೀರನ್ನು ಮುಂದಕ್ಕೆ ನೂಕುವ ಬಲದ ಅಳತೆ. ಇದರೊಡನೆ ಮಣ್ಣಿನ ಜಾತಿಯನ್ನು ಸೂಚಿಸುವ ಒಂದು ಅಂಕವು ಸೇರಬೇಕು. ದಪ್ಪ ಮಳಲಿಗೂ ಅಪ್ಪಟ ಜೇಡಿಗೂ ಈ ಅಂಕದಲ್ಲಿ ಹತ್ತು ಲಕ್ಷ ಪಾಲು ವ್ಯತ್ಯಾಸವಿರುವುದುಂಟು. ಆದುದರಿಂದಲೇ ಕೆರೆಯ ಏರಿಗೆ ಜೇಡಿಯನ್ನು ತುಳಿಸಿ ತುಂಬುವ ವಾಡಿಕೆಯು ನಮ್ಮಲ್ಲಿ ಬೆಳೆದುಬಂದಿತು.

ಡಾರ್ಸಿಯ ಸೂತ್ರವು ಅಣೆಕಟ್ಟಿನ ಕೆಲಸಕ್ಕೆ ಬಂದುದು ಎರಡು ಅಪಾಯಗಳಾದ ಮೇಲೆ. ಪಂಜಾಬಿನಲ್ಲಿ ಚೀನಾಬ್ ನದಿಗೆ ಅಡ್ಡಲಾಗಿ ಖಾಂಕಿಯಲ್ಲಿ 1892ರಲ್ಲಿ ಮುಗಿದ ಅಣೆಕಟ್ಟು ಮೂರೇ ವರ್ಷಗಳಲ್ಲಿ, 1895ರಲ್ಲಿ, ಜಖಂಗೊಂಡಿತು. ಕಾರಣವನ್ನು ಹುಡುಕಲು ರೂರ್ಕಿಯ ಇಂಜನಿಯರಿಂಗ್ ಕಾಲೇಜಿನ ಮುಖ್ಯಸ್ಥನಾಗಿದ್ದ ಕರ್ನಲ್ ಕ್ಲಿಬರ್ನನು ಆ ನದಿಯ ಮಳಲನ್ನೇ ತರಿಸಿ, ಕೊಳವೆಗಳಲ್ಲಿ ತುಂಬಿ, 1895ರಿಂದ 1897ರ ವರೆಗೆ ಪರೀಕ್ಷೆಗಳನ್ನು ಮಾಡಿದನು. ಡಾರ್ಸಿಯ ನಿಯಮವು ಇಲ್ಲಿಯೂ ಸತ್ಯವೆಂದು ಕಂಡಿತು. ಮರುವರ್ಷವೇ, 1898ರಲ್ಲಿ, ಗಂಗಾನದಿಗೆ ನರೋರಾದಲ್ಲಿದ್ದ ಅಣೆಕಟ್ಟಿನ ಕಲ್ಲಿನ ನೆಲಗಟ್ಟು ಕೆಳಗಣ ನೀರಿನ ಒತ್ತಡದಿಂದ ಮೇಲಕ್ಕೆದ್ದು ಒಡೆಯಿತು. ಮೇಲಿನ ಪ್ರವಾಹಕ್ಕೆ ಅಂಜಿ ಕಟ್ಟಿದ ನೆಲಗಟ್ಟು ಕೆಳಗಿನಿಂದ ಬಂದ ನೀರಿಗೆ ಸೋತಿತು.

ಹೀಗೆ ಎರಡು ಬಗೆಯ ಕೇಡುಗಳು ಬೇರೆಬೇರೆಯಾಗಿ ತೋರಿದುವು. ಅಣೆಕಟ್ಟಿನ ಮೇಲುಗಡೆ ನೀರು ಎತ್ತರದಲ್ಲಿಯೂ ಕೆಳಗಡೆ ತಗ್ಗಿನಲ್ಲಿಯೂ ಇರುವುದರಿಂದ, ತಳದ ಮಳಲಿನಲ್ಲಿ ನೀರು ಸದಾ ನುಸುಳುತ್ತ ಹೋಗಿ ಕೆಳಗಡೆ ಮೇಲಕ್ಕೆ ಏಳುತ್ತದೆ. ಹೋಗುವಾಗ ಅದು ನೆಲಗಟ್ಟನ್ನು ತಳದಿಂದ ಎತ್ತಲೆತ್ನಿಸುತ್ತದೆ. ಇದು ಒಂದು ಕೇಡು. ಹೊರಬರುವಾಗ ಮಳಲಿನ ಕಣಗಳನ್ನು ತನ್ನೊಡನೆ ಎಳೆದೊಯ್ಯುತ್ತದೆ. ಒಂದು ಕಣವು ಹೋದಲ್ಲಿ ದಾರಿಯು ಅಷ್ಟು ಕಿರಿದಾಗುತ್ತದೆ, ಇಳಿತವು ಅಷ್ಟು ಹೆಚ್ಚುತ್ತದೆ, ಮತ್ತೊಂದು ಕಣವು ಇನ್ನೂ ಸುಲಭವಾಗಿ ಹೋಗುತ್ತದೆ. ಇಂತು ಕೆಳಗಡೆಯ ಕೊನೆಯಲ್ಲಿ ಆರಂಭವಾದ ಬಿಲವು ಹಿಂದುಹಿಂದಕ್ಕೆ ತೋಡಿಕೊಂಡು ಹೋಗಿ ಮೇಲುಗಡೆಯ ನೀರನ್ನು ಮುಟ್ಟಿದರೆ, ಕಟ್ಟಡವು ಒಮ್ಮೆಗೇ ಕುಸಿಯುತ್ತದೆ. ಇದು ಎರಡನೆಯ ಕೇಡು. ಕಣ್ಣಿಗೆ ಕಾಣದೆ ಬೆಳೆಯುವುದರಿಂದ ಮೊದಲನೆಯದಕ್ಕಿಂತ ಭಯಂಕರವಾದುದು.

ಈ ಕೇಡುಗಳಿಗೆ ಇಂಜನಿಯರುಗಳ ಕೈಗೆ ಒಂದು ಸುಲಭವಾದ ಸೂತ್ರವನ್ನು ಕೊಟ್ಟವನು ಬ್ಲೈ ಎಂಬ ಆಂಗ್ಲೇಯನು. 1910ನೆಯ ಇಸವಿಯಲ್ಲಿ ಆತನು ಪ್ರಕಟಿಸಿದ ಮತವು ಹೀಗಿದೆ: ನೀರು ಕಟ್ಟಡದ ತಳದ ಮೈಯನ್ನೇ ಅಂಟಿಕೊಂಡು ತೆವಳುತ್ತದೆ, ಮಳಲಿನೊಳಕ್ಕೆ ಇಳಿಸಿದ ತಡೆಗೋಡೆಯಿದ್ದರೆ ಅದರ ಒಂದು ಮೈಯಲ್ಲಿ ಇಳಿದು ಮತ್ತೊಂದು ಮೈಯಲ್ಲಿ ಏರಿ ಮುಂದುವರಿಯುತ್ತದೆ, ಈ ದಾರಿಯ ಒಟ್ಟು ಉದ್ದವು ನೀರಿನ ಎತ್ತರದ ಇಷ್ಟು ಪಾಲು ಇದ್ದರೆ ಕಟ್ಟಡವು ಕ್ಷೇಮ. ಹಗುರವಾದ ಮೆಕ್ಕಲಿಗೆ 18 ಪಾಲು, ಹಿಮಾಲಯದ ನದಿಗಳ ಅಭ್ರಕ ಬೆರೆತ ನುಣ್ಣನೆಯ ಮಳಲಿಗೆ 15 ಪಾಲು, ದಪ್ಪ ಮಳಲಿಗೆ 12 ಪಾಲು, ಬೆಣಚುಕಲ್ಲಿನ ನೆಲಕ್ಕೆ 9 ಅಥವಾ ಅದಕ್ಕಿಂತ ಕಡಮೆ ಎಂದು ಆತನು ಅಂಕಗಳನ್ನು ಗೊತ್ತುಮಾಡಿದನು. 12 ಅಡಿ ನೀರನ್ನು ತಡೆಯುವ ಕಟ್ಟಡಕ್ಕೆ ನುಣ್ಣನೆಯ ಮಳಲಿನಲ್ಲಿ 180 ಅಡಿ ದಾರಿ ಬೇಕೆಂದಾಯಿತು. ದಾರಿಯುದ್ದಕ್ಕೂ ಒತ್ತಡವು ಒಂದೇ ಸಮನಾಗಿ ಇಳಿಯುತ್ತ ಬರುವುದೆಂದು ಭಾವಿಸಿ, ನೆಲಗಟ್ಟಿನ ದಪ್ಪವನ್ನು ಗುಣಿಸಬಹುದಾಗಿತ್ತು. ಈ ಲೆಕ್ಕವು ಶಾಲೆಯ ಬಾಲಕನೂ ಮಾಡಬಲ್ಲಷ್ಟು ಸುಲಭ. ಆ ಸುಲಭತೆಯಿಂದಲೇ ಅದು ಬೇಗನೆ ದೇಶದೇಶಗಳಲ್ಲಿ ಹಬ್ಬಿತು. ಅದನ್ನನುಸರಿಸಿದ ಬಹಳ ಕಟ್ಟಡಗಳು ಸುಖವಾಗಿ ನಿಂತುವು ಎಂಬುದನ್ನೂ ಹೇಳಲೇಬೇಕು.

ಹೀಗಿರಲು, 1926 ಮತ್ತು 1927ರಲ್ಲಿ ಪಂಜಾಬಿನ ಮೇಲಣ ಚೀನಾಬ್ ಕಾಲುವೆಯ ಕೆಲವು ಸೈಫನ್ನುಗಳು, ಎಂದರೆ ಅಡ್ಡಹೊಳೆಗಳ ನೀರನ್ನು ಕಾಲುವೆಯ ಕೆಳಗಿನಿಂದ ದಾಟಿಸುವ ಕಟ್ಟಡಗಳು, ತಳ ಸವೆದು ಕೆಡಲಾರಂಭಿಸಿದುವು. ಅವೆಲ್ಲವೂ ಬ್ಲೈನ ಸೂತ್ರದಂತೆಯೇ ಕಟ್ಟಿದವು. ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ. ಅವನ್ನು ಪರಿಶೀಲಿಸುವ ಕೆಲಸವು ಅಯೋಧ್ಯಾನಾಥ ಖೋಸ್ಲಾ ಅವರ ಪಾಲಿಗೆ ಬಂದಿತು. ಕೆಟ್ಟುಹೋದ ಕಟ್ಟಡಗಳನ್ನು ಕಂಡು ಅಂಕವನ್ನು 15ರಿಂದ 18ಕ್ಕೋ 20ಕ್ಕೋ ಏರಿಸಿದ್ದರೆ ಕೆಲಸವು ಅಂದಿಗೆ ಮುಗಿಯುತ್ತಿತ್ತು. ಖೋಸ್ಲಾ ಅವರು ಹಾಗೆ ಮಾಡಲಿಲ್ಲ. ಅವರು ನೆಲಗಟ್ಟುಗಳಲ್ಲಿ ಅಲ್ಲಲ್ಲಿ ಕೊಳವೆಗಳನ್ನು ಇಳಿಸಿ, ಒಂದೊಂದು ಕೊಳವೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಏರುವುದೆಂಬುದನ್ನು ಅಳೆದರು. ಕೊಳವೆಯಲ್ಲಿ ಏರಿದ ನೀರಿನ ಮಟ್ಟವೇ ಆ ಸ್ಥಳದ ಒತ್ತಡಕ್ಕೆ ಸಾಕ್ಷಿ. ಆ ಸಾಕ್ಷಿಯು ಬ್ಲೈನ ಲೆಕ್ಕಕ್ಕೆ ಒಪ್ಪಲಿಲ್ಲ. ಅನುಮಾನಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಪ್ರತ್ಯಕ್ಷವೇ ಪ್ರಬಲವೆಂಬುದು ತಾರ್ಕಿಕರ ಮತ. ಇಲ್ಲಿಯೂ ಹಾಗೆಯೇ ಆಯಿತು.

ಕೊಳವೆಗಳು ತಿಳಿಸಿದ ಸಂಗತಿಗಳು ಮುಖ್ಯವಾಗಿ ಮೂರು. ಎರಡು ಕೊನೆಗಳಲ್ಲಿ ಇಳಿಸಿದ ತಡೆಗೋಡೆಗಳ ಹೊರಮೈಗಳು ಒತ್ತಡವನ್ನು ಕಡಮೆಮಾಡುವಷ್ಟು ಅವುಗಳ ಒಳಮೈಗಳಾಗಲಿ ನೆಲಗಟ್ಟಿನ ಉದ್ದವಾಗಲಿ ಮಾಡವು. ಕೊನೆಯ ಗೋಡೆಗಳಿಗಿಂತ ಗಿಡ್ಡವಾದ ಗೋಡೆಗಳನ್ನು ನಡುವೆ ಎಷ್ಟು ಇಳಿಸಿದರೂ ಪ್ರಯೋಜನವು ಅತ್ಯಲ್ಪ. ತಳದ ಸವಕಳಿಯು ಯಾವಾಗಲೂ ಕೆಳಗಡೆಯ ಕೊನೆಯಿಂದಲೇ ಆರಂಭವಾಗುತ್ತದೆ. ಅಲ್ಲಿ ನೀರು ಹೊರಬೀಳುವ ಇಳಿತವು ಮಣ್ಣು ತಾಳಬಲ್ಲ ಮಿತಿಯನ್ನು ಮೀರಿದರೆ ಉಳಿದೆಡೆ ಎಷ್ಟು ಭದ್ರವಾಗಿದ್ದರೂ ಫಲವಿಲ್ಲ. ಆದಕಾರಣ ಆ ಕೊನೆಯಲ್ಲಿ ಸಾಕಷ್ಟು ಆಳವಾದ ತಡೆಗೋಡೆಯು ಇರಲೇಬೇಕು. ಮುಂದೆ ಪಂಜನದ ಅಣೆಕಟ್ಟಿನಲ್ಲಿಯೂ ಕೊಳವೆಗಳನ್ನಿಟ್ಟು ಈ ಅಂಶಗಳನ್ನು ಒರೆಗೆ ಹಚ್ಚಿದರು. ಲಾಹೋರಿನ ನೀರಾವರಿ ಸಂಶೋಧನಾಲಯದಲ್ಲಿ ಎನ್. ಕೆ. ಬೋಸ್ ಮತ್ತು ಮೆಕೆನ್ಜಿ ಟೇಲರ್ ಅವರು ಇದಕ್ಕೆ ಗಣಿತದ ಮತ್ತು ಪ್ರಯೋಗದ ಬೆಂಬಲವನ್ನು ಒದಗಿಸಿದರು. ಮೂವರೂ ಸೇರಿ ಬರೆದ, ನೀರು ನುಸುಳುವ ನೆಲದ ಮೇಲಣ ಅಣೆಕಟ್ಟುಗಳ ರಚನೆಯನ್ನು ಕುರಿತ ಗ್ರಂಥವನ್ನು 1936ರಲ್ಲಿ ಕೇಂದ್ರ ನೀರಾವರಿ ಮಂಡಲಿಯು ಪ್ರಕಟಿಸಿತು.

ನೀರು ತಳದ ಮೈಯನ್ನು ಅಂಟಿಕೊಂಡು ತೆವಳುವುದಿಲ್ಲ. ಚಪ್ಪಟೆಯಾದ ನೆಲಗಟ್ಟಿನ ಕೆಳಗೆ ಅದು ಒಂದರೊಳಗೊಂದು ಅಡಗಿದ ಅಂಡಾಕಾರದ ಬಾಗುಗಳಲ್ಲಿ ಆಳಕ್ಕಿಳಿದು ಮೇಲೇಳುತ್ತದೆ. ಆದುದರಿಂದ ಒತ್ತಡವೂ ಒಂದೇ ಸಮನಾಗಿ ಇಳಿಯದು. ನೆಲಗಟ್ಟಿನ ಉದ್ದದಲ್ಲಿ ನಾಲ್ಕನೆಯ ಮೂರು ಪಾಲನ್ನು ಕಳೆದ ಸ್ಥಳವನ್ನು ತೆಗೆದುಕೊಳ್ಳಬಹುದು. ಬ್ಲೈನ ಪ್ರಕಾರ ಅಲ್ಲಿ ಉಳಿದಿರಬೇಕಾದ ಒತ್ತಡವು ಕಾಲುಪಾಲು. ಗಣಿತದ ಪ್ರಕಾರ ನಿಜವಾಗಿ ಉಳಿದಿರುವುದು ಮೂರನೆಯ ಒಂದು ಪಾಲು. ನೀರಿನ ಎತ್ತರವು 12 ಅಡಿಯಾದರೆ ಬ್ಲೈನ ಲೆಕ್ಕದಲ್ಲಿ 3 ಅಡಿ, ನಿಜದಲ್ಲಿ 4 ಅಡಿ. ನೀರಿಗಿಂತ ಎರಡೂಕಾಲು ಪಾಲು ತೂಕದ ಗಾರೆಕೆಲಸವು 3 ಅಡಿ ಒತ್ತಡವನ್ನು ತಡೆಯಬೇಕಾದರೆ ಸುಮಾರು 2.4 ಅಡಿ ದಪ್ಪವಿರಬೇಕು. 4 ಅಡಿಗೆ 3.2 ಅಡಿ ಬೇಕು. ಈ ಕೊರತೆಯು ಕಣ್ಣಿಗೆ ಕಾಣದು. ನೀರು ಒತ್ತುವ ದಿನ ಮಾತ್ರ ಅದು ತಿಳಿಯುವುದು.

ಹೊರಬೀಳುವ ಇಳಿತದ ಲೆಕ್ಕವು ಇನ್ನೂ ಬೋಧಪ್ರದವಾದುದು. 10 ಅಡಿ ನೀರನ್ನು ತಡೆಯುವ, 60 ಅಡಿ ಉದ್ದದ ನೆಲಗಟ್ಟಿನ ಕೆಳಗಡೆಯ ಕೊನೆಯಲ್ಲಿ 5 ಅಡಿ ಆಳದ ತಡೆಗೋಡೆಯಿದೆಯೆಂದಿಟ್ಟುಕೊಳ್ಳಬೇಕು. ಖೋಸ್ಲಾ ಅವರ ಸೂತ್ರದಂತೆ ಅಲ್ಲಿ ಹೊರಬೀಳುವ ಇಳಿತವು ಸುಮಾರು 4ರಲ್ಲಿ 1. ದಪ್ಪ ಮಳಲಿಗೆ 5ರಲ್ಲಿ 1ರಿಂದ 6ರಲ್ಲಿ 1ರ ವರೆಗೂ, ನುಣ್ಣನೆಯ ಮಳಲಿಗೆ 6ರಲ್ಲಿ 1ರಿಂದ 7ರಲ್ಲಿ 1ರ ವರೆಗೂ ಮಾತ್ರ ಕ್ಷೇಮವಾದುದರಿಂದ, ಈ ಕಟ್ಟಡವು ಸಾಲದು. ಈಗ ನೆಲಗಟ್ಟನ್ನು ಇಮ್ಮಡಿ ಮಾಡಿ 120 ಅಡಿಗೆ ಬೆಳೆಸಿದರೆ ಇಳಿತವು ಐದೂವರೆಯಲ್ಲಿ 1ಕ್ಕೆ ಇಳಿಯುತ್ತದೆ. ಅದಕ್ಕೆ ಬದಲಾಗಿ ನೆಲಗಟ್ಟನ್ನು 60 ಅಡಿಯಲ್ಲಿಯೇ ಬಿಟ್ಟು, ತಡೆಗೋಡೆಯನ್ನು ಇನ್ನು 5 ಅಡಿ ಮಾತ್ರ ಆಳಕ್ಕಿಳಿಸಿದರೆ ಹೆಚ್ಚುಕಡಮೆ 6ರಲ್ಲಿ 1ಕ್ಕೆ ಇಳಿಯುತ್ತದೆ. ತಕ್ಕ ಸ್ಥಳದಲ್ಲಿ ಹಾಕಿದ 5 ಅಡಿ ಆಳವು ಬೇರೆಡೆ ಹಾಕಿದ 60 ಅಡಿ ಉದ್ದವನ್ನು ಮೀರಿಸಿತು. ಬ್ಲೈನ ಲೆಕ್ಕದಲ್ಲಾದರೆ ಆ 5 ಅಡಿ ಆಳಕ್ಕೆ 10 ಅಡಿ ದಾರಿಯ ಬೆಲೆ ಮಾತ್ರ. ಕೊನೆಯಲ್ಲಿ ತಡೆಗೋಡೆಯೇ ಇಲ್ಲದಿದ್ದರೆ ಗಣಿತದ ಪ್ರಕಾರ ಅಲ್ಲಿನ ಇಳಿತವು ಅನಂತ; ಎಂದರೆ ನೆಲಗಟ್ಟು ಎಷ್ಟು ಉದ್ದವಾದರೂ ಅದರ ಅಂಚಿನ ಮಳಲು ಕದಲದೆ ಇರದು.

ಬ್ಲೈನ ಮತದ ದೋಷವು ಇದರಿಂದ ಸ್ಪಷ್ಟವಾಗುತ್ತದೆ. ದಾರಿಯು ಉದ್ದವಾದಷ್ಟೂ ನೀರಿನ ಬಲವು ಕುಗ್ಗುವುದೆಂಬುದು ಸಮಷ್ಟಿಯಲ್ಲಿ ಸತ್ಯ. ಆದರೆ ಕೇಡು ಸಮಷ್ಟಿಯಲ್ಲಿ ಸಂಭವಿಸುವುದಿಲ್ಲ. ಅದು ಒಂದು ಸ್ಥಳದಲ್ಲಿ, ನೀರು ಹೊರಬೀಳುವ ಅಂಚಿನಲ್ಲಿ, ಹುಟ್ಟುತ್ತದೆ. ಸರಾಸರಿಯು ಆ ಅಂಚನ್ನು ಮರೆಮಾಡಿತು. ಅಮೆರಿಕೆಯ ಲೇನ್ ಎಂಬಾತನು 1935ರಲ್ಲಿ ಇನ್ನೂರಕ್ಕೂ ಹೆಚ್ಚು ಕಟ್ಟೆಗಳ ವೃತ್ತಾಂತವನ್ನು ಸಂಗ್ರಹಿಸಿ, ಅಡ್ಡದಾರಿಗೆ ಲಂಬದಾರಿಯ ಮೂರನೆಯ ಒಂದು ಪಾಲು ಬೆಲೆಯನ್ನು ಮಾತ್ರ ಕೊಡಬೇಕೆಂದು ಬ್ಲೈನ ಸೂತ್ರವನ್ನು ತಿದ್ದಿದನು. ತಿದ್ದುಪಡಿಯು ಒಳ್ಳೆಯದೇ, ಆದರೂ ಅದು ಸರಾಸರಿಯ ತಿದ್ದುಪಡಿ. ಖೋಸ್ಲಾ ಅವರು ಕೇಳಿದ ಪ್ರಶ್ನೆಯೇ ಬೇರೆ: ದಾರಿಯೆಷ್ಟು ಎಂದಲ್ಲ, ಬಾಗಿಲೆಲ್ಲಿ ಎಂದು.

ಮಣ್ಣು ತಾಳಬಲ್ಲ ಮಿತಿಯು ಯಾವುದೆಂಬ ಪ್ರಶ್ನೆಗೂ ಈ ಕಾಲದಲ್ಲಿಯೇ ಉತ್ತರವು ಸಿಕ್ಕಿತು. ನೀರಿನಲ್ಲಿ ಮುಳುಗಿದ ಮಳಲಿನ ಉಳಿದ ತೂಕವು ಅಷ್ಟೇ ಗಾತ್ರದ ನೀರಿನ ತೂಕಕ್ಕೆ ಹೆಚ್ಚುಕಡಮೆ ಸಮ. ಹೀಗಾಗಿ ಮೇಲ್ಮುಖವಾಗಿ ಹರಿಯುವ ನೀರಿನ ಇಳಿತವು 1ಕ್ಕೆ 1 ಆದೊಡನೆ ಮಳಲಿನ ಕಣಗಳು ತಮ್ಮ ಭಾರವನ್ನೆಲ್ಲ ಕಳೆದುಕೊಂಡು ಕುದಿಯುವ ಗಂಜಿಯಂತೆ ಹೊರಳಾಡುತ್ತವೆ. ಅದರ ಮೇಲೆ ನಿಂತ ಕಲ್ಲು ಮುಳುಗಿಹೋಗುತ್ತದೆ. ಪ್ರಾಗ್ ಪಟ್ಟಣದಲ್ಲಿ 1883ರಲ್ಲಿ ಹುಟ್ಟಿದ ಕಾರ್ಲ್ ಟೆರ್ಜಾಗಿಯು ಇಸ್ತಾಂಬೂಲಿನಲ್ಲಿ ಅಧ್ಯಾಪಕನಾಗಿ ಪರೀಕ್ಷೆಗಳನ್ನು ನಡೆಸಿ, 1925ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೂಲತತ್ತ್ವವನ್ನು ಸ್ಥಾಪಿಸಿದನು. ನೆಲದ ಮೇಲೆ ಹೊರಿಸಿದ ಭಾರವನ್ನು ಕಣಗಳೂ ನೀರೂ ಹಂಚಿಕೊಂಡು ಹೊರುತ್ತವೆ. ಮಣ್ಣಿಗೆ ಬಲವು ಬರುವುದು ಕಣವು ಕಣವನ್ನು ಒತ್ತುವುದರಿಂದ ಮಾತ್ರ. ನೀರಿನ ಒತ್ತಡವು ಹೆಚ್ಚಿದಷ್ಟೂ ಕಣಗಳ ಒತ್ತು ಸಡಿಲವಾಗುತ್ತದೆ. ಮಣ್ಣು ಅದೇ, ಭಾರವೂ ಅದೇ, ಆದರೂ ನೆಲವು ದುರ್ಬಲವಾಗುತ್ತದೆ. ಅಸ್ತಿಭಾರಶಾಸ್ತ್ರಕ್ಕೆಲ್ಲ ಇದು ತಳಪಾಯದಂತಹ ಮಾತು.

ಕ್ಷೇಮದ ಉಪಾಯವೂ ಈ ತತ್ತ್ವಗಳಿಂದಲೇ ಹೊರಟಿತು. ಕೆಳಗಡೆಯ ಕೊನೆಯಲ್ಲಿ ಆಳವಾದ ತಡೆಗೋಡೆ. ಅದರಾಚೆಗೆ ತಲೆಕೆಳಗಾದ ಸೋಸುಹಾಸು. ಕುಡಿಯುವ ನೀರನ್ನು ಸೋಸುವಾಗ ನುಣ್ಣನೆಯ ಮಳಲು ಮೇಲೆ, ದಪ್ಪ ಜಲ್ಲಿ ಕೆಳಗೆ. ಇಲ್ಲಿ ನೀರು ಕೆಳಗಿನಿಂದ ಬರುವುದರಿಂದ ನುಣ್ಣನೆಯದು ಕೆಳಗೆ, ಅದರ ಮೇಲೆ ದಪ್ಪ ಮಳಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ಸಂದು ಬಿಟ್ಟು ಕೂರಿಸಿದ ಭಾರವಾದ ಕಲ್ಲುಗಳು. ಒಂದೊಂದು ಪದರವೂ ತನ್ನ ಕೆಳಗಣ ಪದರದ ಕಣವನ್ನು ತಡೆಯುವಷ್ಟು ಸಣ್ಣದಾಗಿಯೂ, ನೀರನ್ನು ತಡೆಯದಷ್ಟು ದಪ್ಪನಾಗಿಯೂ ಇರತಕ್ಕದ್ದು. ಅದರ ಪ್ರಮಾಣವನ್ನು ಟೆರ್ಜಾಗಿಯು ಗೊತ್ತುಮಾಡಿದನು. ಹಿಂದಿನವರು ನೀರು ಜಿನುಗಿದಲ್ಲೆಲ್ಲ ಗಾರೆ ಮೆತ್ತಿ ಮುಚ್ಚುತ್ತಿದ್ದರು. ಮುಚ್ಚಿದಲ್ಲಿ ಒತ್ತಡವು ಹೆಚ್ಚಿ ಬೇರೆಡೆ ಒಡೆಯುತ್ತಿತ್ತು. ಸೋಸುಹಾಸು ನೀರಿಗೆ ಬಾಗಿಲನ್ನು ತೆರೆದಿಟ್ಟು, ಮಣ್ಣಿಗೆ ಮಾತ್ರ ಅಗುಳಿಯನ್ನಿಕ್ಕುತ್ತದೆ. ಕೆರೆಯ ಏರಿಯ ಹಿಂಬದಿಯಲ್ಲಿ ತಿಳಿನೀರು ಒಸರುತ್ತಿದ್ದರೆ ಅಷ್ಟಾಗಿ ಗಾಬರಿಪಡಬೇಕಾಗಿಲ್ಲ. ಅದು ಕದಡಿ ಕೆಂಪಾಗಿ ಬರತೊಡಗಿದರೆ ಒಂದು ಗಳಿಗೆಯೂ ತಡಮಾಡಕೂಡದು. ತಿಳಿನೀರು ಬರಿಯ ನೀರು. ಕದಡಿದ ನೀರು ಏರಿಯೇ ಹರಿದುಹೋಗುತ್ತಿರುವುದರ ಗುರುತು.

ಇಷ್ಟೆಲ್ಲ ತಿಳಿದ ಮೇಲೆಯೂ ಅಪಾಯಗಳು ನಿಂತುವೆಂದು ಹೇಳುವಂತಿಲ್ಲ. 2005ನೆಯ ಇಸವಿ ಆಗಸ್ಟ್ 29ರಂದು ಅಮೆರಿಕೆಯ ನ್ಯೂ ಆರ್ಲಿಯನ್ಸ್ ಪಟ್ಟಣವು ಕತ್ರೀನಾ ಎಂಬ ಚಂಡಮಾರುತಕ್ಕೆ ಸಿಕ್ಕಿದಾಗ, ಅಲ್ಲಿನ ಲಂಡನ್ ಅವೆನ್ಯೂ ಎಂಬ ಕಾಲುವೆಯ ದಂಡೆಯ ಗೋಡೆಯು ಬಿದ್ದಿತು. ನೀರು ಆ ಗೋಡೆಯ ತಲೆಯನ್ನು ಮೀರಿ ಹರಿದುದಲ್ಲ. ಗೋಡೆಯ ಕೆಳಗೆ ಉಕ್ಕಿನ ಹಲಗೆಗಳನ್ನು ಇಳಿಸಿದ್ದರು. ಅವುಗಳ ತುದಿಯ ಕೆಳಗಿನ ಮಳಲಿನಲ್ಲಿ ನೀರು ನುಸುಳಿ, ದಂಡೆಯ ಹೊರಮಗ್ಗುಲಲ್ಲಿ ಎದ್ದು, ತಳದ ಮಳಲನ್ನು ಕದಲಿಸಿತು. ಆ ಚಂಡಮಾರುತದಲ್ಲಿಯೂ ಅದರಿಂದಾದ ಜಲಪ್ರಳಯದಲ್ಲಿಯೂ ಸಾವಿರಕ್ಕೂ ಮೀರಿ ಜನರು ಮಡಿದರು. ಖಾಂಕಿ ಕೆಟ್ಟ ನೂರಹತ್ತು ವರ್ಷಗಳ ಮೇಲೆ, ಸಂಪನ್ನವಾದ ದೇಶದ ದೊಡ್ಡ ಪಟ್ಟಣದಲ್ಲಿ, ಅದೇ ಮಳಲು ಅದೇ ಪಾಠವನ್ನು ಮತ್ತೆ ಹೇಳಿತು.

ಈ ವಿಚಾರವು ಅಣೆಕಟ್ಟುಗಳಿಗೆ ಮಾತ್ರ ಸಂಬಂಧಪಟ್ಟುದೆಂದು ಗೃಹಸ್ಥರು ಭಾವಿಸಬೇಕಾಗಿಲ್ಲ. ಮಳಲುನೆಲದಲ್ಲಿ ಮನೆಯ ಅಸ್ತಿಭಾರಕ್ಕೆ ಆಳವಾದ ಗುಣಿಯನ್ನು ತೋಡಿ, ಒಳಗೆ ಊರಿದ ನೀರನ್ನು ಯಂತ್ರದಿಂದ ಎತ್ತಿಹಾಕುವಾಗ, ಸುತ್ತಣ ನೀರು ಗುಣಿಯ ತಳದಿಂದ ಮೇಲಕ್ಕೆ ನುಗ್ಗುತ್ತದೆ. ಬೇಗ ಎತ್ತಿದಷ್ಟೂ ಇಳಿತವು ಹೆಚ್ಚಿ ತಳವು ಸಡಿಲವಾಗುತ್ತದೆ. ಎತ್ತಿದ ನೀರು ಮಳಲಿನಿಂದ ಕದಡಿದ್ದರೆ, ಆ ಮಳಲು ನೆರೆಮನೆಯ ಗೋಡೆಯ ಅಡಿಯಿಂದ ಬಂದಿರಲೂಬಹುದು. ಗುಣಿಯ ಹೊರಗೆ ಸುತ್ತಲೂ ಸಣ್ಣ ಬಾವಿಗಳನ್ನು ಇಳಿಸಿ ನೀರಿನ ಮಟ್ಟವನ್ನು ಮುಂಚಿತವಾಗಿಯೇ ತಗ್ಗಿಸಿದರೆ ಈ ಕೇಡು ತಪ್ಪುತ್ತದೆ. ಜೇಡಿನೆಲದಲ್ಲಿ ತೊಂದರೆಯು ಬೇರೆ ಬಗೆ: ಅಲ್ಲಿ ಮನೆಯ ಭಾರಕ್ಕೆ ನೀರು ಹಿಂಡಿಕೊಂಡು ಬಹು ನಿಧಾನವಾಗಿ ಹೊರಡುವುದರಿಂದ, ಕಟ್ಟಡವು ವರ್ಷಾನುವರ್ಷ ಕುಗ್ಗುತ್ತ ಬಂದು, ಕಟ್ಟಿದವನು ಹಣವನ್ನು ಪಡೆದು ಹೋದ ಎಷ್ಟೋ ಕಾಲದ ಮೇಲೆ ಗೋಡೆಯಲ್ಲಿ ಬಿರುಕು ತೋರುವುದುಂಟು.

ವರಾಹಮಿಹಿರನ ಗುಣಿ, ಡಾರ್ಸಿಯ ಕೊಳವಿ, ಖೋಸ್ಲಾ ಅವರ ಕೊಳವೆಗಳು, ಇವು ಮೂರರಲ್ಲಿಯೂ ಕಾಣುವುದು ಒಂದೇ ಬುದ್ಧಿ: ನೆಲವನ್ನು ಕುರಿತು ತರ್ಕಿಸುವುದಕ್ಕೆ ಮುನ್ನ ನೆಲವನ್ನೇ ಕೇಳುವುದು. ಸೂತ್ರವು ಕಷ್ಟಪಟ್ಟು ಗಳಿಸಿದ ಧನ, ಅದನ್ನು ಹೀಯಾಳಿಸತಕ್ಕುದಲ್ಲ. ಬ್ಲೈನ ಸೂತ್ರವಿಲ್ಲದಿದ್ದರೆ ಅಷ್ಟು ಕಟ್ಟಡಗಳೂ ಇರುತ್ತಿರಲಿಲ್ಲ, ಅವುಗಳ ದೋಷವನ್ನು ಅಳೆಯುವ ಅವಕಾಶವೂ ಒದಗುತ್ತಿರಲಿಲ್ಲ. ಆದರೆ ಲೆಕ್ಕವು ಸರಿಯಾಗಿದ್ದೂ ಕಟ್ಟಡವು ಕೆಟ್ಟಾಗ, ಅಂಕವನ್ನು ಹೆಚ್ಚಿಸಿ ಸಮಾಧಾನಪಡುವವರು ಹಲವರು. ನೆಲಗಟ್ಟಿಗೆ ತೂತು ಕೊರೆದು ಕೆಳಗಿನ ನೀರು ಏನು ಹೇಳುವುದೆಂದು ನೋಡುವವರು ಕೆಲವರು. ನೀರು ಹೊಲಕ್ಕೆ ತಲಪುವಂತೆಯೂ ಊರು ಮುಳುಗದಂತೆಯೂ ಇಂದು ಮಳಲ ಮೇಲೆ ನಿಂತಿರುವ ಅಣೆಕಟ್ಟುಗಳೆಲ್ಲವೂ ಆ ಕೆಲವರಿಗೆ ಋಣಿಯಾಗಿವೆ.